ಬೆಳಕಿಂಡಿಯ ಕೆಳಗೆ ಬೀರಪ್ಪ ಕೂತ ಜಾಗ

ನಾನು ಬಹಳ ವರ್ಷ ಜೈಲಿನಲ್ಲಿದ್ದವನು. ಹೀಗೆಂದ ತಕ್ಷಣ ಎದುರಿಗಿದ್ದವರು ಒಮ್ಮೆ ನನ್ನ ಮುಖ ನೋಡುತ್ತಾರೆ, ಆಮೇಲೆ ಮೆಲ್ಲಗೆ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ. ನನ್ನ ಹೆಂಡತಿಯ ತವರಿನವರಂತೂ ಮದುವೆಮನೆಗಳಲ್ಲಿ ನನ್ನನ್ನು ಪರಿಚಯ ಮಾಡಿಕೊಡುವಾಗ "ನಮ್ಮ ಅಳಿಯಂದಿರು, ಜೈಲಿನಲ್ಲಿದ್ದಾರೆ" ಎಂದು ಅಲ್ಲಿಗೇ ನಿಲ್ಲಿಸಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡುಬಿಡುತ್ತಿದ್ದರು. "ಮೇಷ್ಟ್ರಾಗಿ ಅಂತ ಸೇರಿಸ್ರೀ!" ಎಂದು ನಾನು ಪಕ್ಕದಿಂದ ಗದರಬೇಕಾಗುತ್ತಿತ್ತು. ನನ್ನ ಬಾಯಿ ಸ್ವಲ್ಪ ಜೋರು. ಜೈಲಿನಲ್ಲಿ ಪಾಠ ಮಾಡಿ ಜೋರಾಯಿತೋ, ಜೋರಾಗಿದ್ದಕ್ಕೇ ಜೈಲಿಗೆ ಹಾಕಿದರೋ ನನಗೂ ಗೊತ್ತಿಲ್ಲ.

ಮೊನ್ನೆ ಒಬ್ಬ ಹುಡುಗ ಮನೆಗೆ ಬಂದಿದ್ದ. ಹೊಸದಾಗಿ ಜೈಲಿನ ಶಾಲೆಗೆ ನೇಮಕವಾಗಿದೆಯಂತೆ. ಕಾಫಿ ಕುಡಿಯುತ್ತಾ, "ಸಾರ್, ಅವರಿಗೆ ಓದು ಕಲಿಸಿ ಏನು ಉಪಯೋಗ? ಹೊರಗೆ ಹೋದ ಮೇಲೆ ಅದೇನು ಉಳಿಯುತ್ತಾ?" ಎಂದು ಕೇಳಿದ. ನನಗೆ ಕೋಪ ಬಂತು. ಕೋಪಕ್ಕೆ ಕಾರಣ ಅವನಲ್ಲ, ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಇದನ್ನೇ ಕೇಳಿದ್ದೆ. ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಜಗಳೂರು ಸೀಮೆಯ ಒಬ್ಬ ಕುರುಬನಿಂದ. ಅದನ್ನೇ ಇಲ್ಲಿ ಬರೆಯುತ್ತೇನೆ. ಬಡ್ತಿ, ಸಂಬಳ, ವರ್ಗಾವಣೆ ಎಲ್ಲ ಸರ್ಕಾರಕ್ಕೆ ಗೊತ್ತಿದೆ, ನಿಮಗೆ ಬೇಡ.

ಆಗ ಹೊರಗೆ ದೊಡ್ಡ ಯುದ್ಧ ನಡೆಯುತ್ತಿದ್ದ ಕಾಲ. ನಮ್ಮ ಜೈಲಿಗೆ ಸುತ್ತಲ ತಾಲ್ಲೂಕುಗಳಿಂದ ಕೈದಿಗಳು ಬರುತ್ತಿದ್ದರು. ಚನ್ನಗಿರಿಯ ಕೋಳಿಕಳ್ಳರು, ಹೊನ್ನಾಳಿ ಕಡೆಯ ಗದ್ದೆ ಬದುವಿನ ಹೊಡೆದಾಟದವರು, ನ್ಯಾಮತಿ ಸಂತೆಯಲ್ಲಿ ಕೈಚಳಕ ತೋರಿಸಿದವರು. ಸೂಪರಿಂಟೆಂಡೆಂಟ್ ಸಾಹೇಬರು ಹಿಂದೆ ಸೈನ್ಯದಲ್ಲಿದ್ದವರು. ದೊಡ್ಡ ಮೀಸೆ, ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮನಸ್ಸು. "ಒಳಗೆ ಬಂದವನು ಬಂದ ಹಾಗೇ ಹೊರಗೆ ಹೋದರೆ ನಾವು ಅನ್ನ ಹಾಕಿದ್ದು ದಂಡ" ಎನ್ನುವವರು. ಶಾಲೆ ಬೇಕೆಂದು ಹಟ ಹಿಡಿದವರು ಅವರೇ. ಜೈಲರ್ ಸಾಹೇಬರಿಗೆ ಮಾತ್ರ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. "ಇಷ್ಟು ದಿನ ಹೆಬ್ಬೆಟ್ಟು ಒತ್ತಿ ಮೋಸ ಮಾಡ್ತಿದ್ರು. ಇನ್ಮೇಲೆ ಸೈನು ಹಾಕಿ ಮಾಡ್ತಾರೆ, ಅಷ್ಟೇ ಅಲ್ವೇನ್ರಿ ಮೇಷ್ಟ್ರೇ?" ಎಂದು ದಿನಾ ಬೆಳಿಗ್ಗೆ ಗೇಟಿನಲ್ಲೇ ನನ್ನ ಮಂಗಳಾರತಿ.

ಶಾಲೆ ಎಂದರೆ ನೀವು ಬೆಂಚು, ಕಪ್ಪುಹಲಗೆ ಅಂದುಕೊಳ್ಳಬೇಡಿ. ಹಿಂದೆ ರಾಗಿ ತುಂಬಿಡುತ್ತಿದ್ದ ಉಗ್ರಾಣ ಅದು. ಕಾಳು ಇಡುವ ಕೋಣೆಗೆ ಕಿಟಕಿ ಯಾರು ಇಡಿಸುತ್ತಾರೆ? ಚಾವಣಿಯ ನಡುವೆ ಒಂದು ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬೆಳಕು ನೆಲದ ನಟ್ಟನಡುವೆ ಒಂದು ಮೊರದಗಲ ಕೂರುತ್ತಿತ್ತು, ಉಳಿದದ್ದೆಲ್ಲ ಮಬ್ಬು. ಆ ಬೆಳಕಿನಲ್ಲಿ ಒಂದು ಮಣೆ, ಮಣೆಯ ಮೇಲೆ ಒಂದನೇ ಪುಸ್ತಕ. ಸರ್ಕಾರ ಕೊಟ್ಟದ್ದು ಇಡೀ ಶಾಲೆಗೆ ಅದೊಂದೇ ಪ್ರತಿ. ಕೈದಿಗಳು ಮಣೆಯ ಸುತ್ತ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಪ್ರತಿಯೊಬ್ಬನ ಮುಂದೆ ಒಂದಿಷ್ಟು ಮರಳು. ನಾನು ಬೇವಿನ ಕಡ್ಡಿಯಿಂದ ಪುಸ್ತಕದ ಅಕ್ಷರ ತೋರಿಸಿ ಕೂಗಬೇಕು, ಅವರು ನನ್ನ ಹಿಂದೆ ಕೂಗಿ ಮರಳಿನ ಮೇಲೆ ತಿದ್ದಬೇಕು.

ಇದಕ್ಕೆ ಜೈಲರ್ ಸಾಹೇಬರ ಕಾನೂನು ಬೇರೆ. ವಾರ್ಡರ್ ಬಾಗಿಲಲ್ಲಿ ನಿಂತೇ ತಲೆ ಎಣಿಸಬೇಕಾದ್ದರಿಂದ ಒಬ್ಬೊಬ್ಬನಿಗೂ ಒಂದೊಂದು ಜಾಗ ಗೊತ್ತು ಮಾಡಿದ್ದರು. ಸೇರಿದ ದಿನ ಎಲ್ಲಿ ಕೂತನೋ ಬಿಡುಗಡೆಯ ದಿನದವರೆಗೂ ಅವನಿಗೆ ಅದೇ ಜಾಗ. ನನಗೂ ಒಂದು ಜಾಗ. ಬೆನ್ನು ಗೋಡೆಗೆ, ಮುಖ ಬಾಗಿಲಿಗೆ. ಕೈದಿಗಳ ನಡುವೆ ಎದ್ದು ಓಡಾಡುವ ಹಾಗಿಲ್ಲ. "ನಿಮ್ಮ ಬೆನ್ನ ಹಿಂದೆ ಯಾರಾದ್ರೂ ಬಂದ್ರೆ ನಿಮ್ಮ ಹೆಂಡತಿಗೆ ನಾನು ಜವಾಬು ಹೇಳೋಕಾಗಲ್ಲ" ಎಂದಿದ್ದರು. ನಾನೂ ಹೆಂಡತಿಯ ಮುಖ ನೆನೆದು ಗೋಡೆಗೆ ಒರಗಿಕೊಂಡೆ.

ನನಗೆ ನೇರ ಎದುರಿನ ಜಾಗ ಬೀರಪ್ಪನದು. ಬಿಳಿಚೋಡಿನ ಕುರುಬ. ಆಳು ಎಂದರೆ ಆಳು, ಬಾಗಿಲಲ್ಲಿ ಬಗ್ಗಿಯೇ ಬರಬೇಕು. ಅವನ ಕುರಿಗಳು ಯಾರದೋ ಅವರೆ ಹೊಲಕ್ಕೆ ನುಗ್ಗಿ, ಮಾತಿಗೆ ಮಾತು ಬೆಳೆದು, ಕೊನೆಗೆ ಬೀರಪ್ಪನ ಕೋಲಿನಿಂದ ಹೊಲದವನ ಕೈ ಮುರಿದಿತ್ತು. "ಮುರಿಯೋ ಮನಸಿರ್ಲಿಲ್ಲ ಮೇಷ್ಟ್ರೇ, ಕೋಲು ಗಟ್ಟಿ ಇತ್ತು" ಎಂದು ಬಹಳ ಬೇಜಾರಿನಿಂದ ಹೇಳಿದ್ದ. ಮೊದಲ ತಿಂಗಳೆಲ್ಲ ಶಾಲೆಯಲ್ಲಿ ಬಾಯಿ ಬಿಡಲಿಲ್ಲ. ನಾನು ಕೂಗುವುದು, ಉಳಿದವರು ಕೂಗುವುದು, ಇವನು ಟಗರಿನ ಹಾಗೆ ದಿಟ್ಟಿಸಿ ನೋಡುವುದು.

ಆಮೇಲೆ ಅವನ ಹೆಂಡತಿ ಹನುಮಕ್ಕ ನೋಡಲು ಬಂದಳು. ಮದುವೆಯಾಗಿ ಇನ್ನೂ ಹೊಸತು. ಗಂಡ ಜೈಲಿಗೆ ಹೋದ ಕೂಡಲೇ ಅವಳ ಅಪ್ಪ ಸಿದ್ದಪ್ಪ, ಅದೇ ಊರಿನ ಮೇಲಿನ ಕೇರಿಯವನು, ಮಗಳನ್ನು ತನ್ನ ಮನೆಗೆ ಕರೆದುಕೊಂಡು ಹೋಗಿಬಿಟ್ಟಿದ್ದ. ಅವಳು ಬಂದು ಹೋದ ಮರುದಿನ ಬೀರಪ್ಪ ಪಾಠಕ್ಕೆ ಮುಂಚೆಯೇ ನನ್ನ ಮುಂದೆ ಕೈಕಟ್ಟಿ ನಿಂತ.

"ಮೇಷ್ಟ್ರೇ, ನನಗೆ ಓದಾಕೆ ಬರಬೇಕು."

"ಇಷ್ಟು ದಿನ ಎಲ್ಲಿ ಹೋಗಿತ್ತೋ ಈ ಬುದ್ಧಿ?"

"ನಮ್ಮ ಮಾವ ಮಗಳ್ನ ಕಳ್ಸಲ್ಲ ಅಂತಾನಂತೆ. ಜೈಲಿಗೆ ಹೋಗಿ ಬಂದೋನ ಮನೀಗೆ ಯಾಕೆ ಕಳಿಸ್ಲಿ ಅಂತಾನಂತೆ. ಇವಳು ಸುಮ್ನಿರದೆ, ನಮ್ಮೋರು ಅಲ್ಲಿ ಓದು ಕಲಿಯಾಕೆ ಹತ್ಯಾರೆ, ದೊಡ್ಡ ಮನುಷ್ಯರಾಗಿ ಬರ್ತಾರೆ ಅಂದುಬಿಟ್ಟಾಳೆ. ಅದಕ್ಕೆ ಮಾವ, ಹಂಗಾದ್ರೆ ಬಂದು ಊರ ಚಾವಡ್ಯಾಗೆ ಓದ್ಲಿ, ಅವತ್ತೇ ಕಳಿಸ್ತೀನಿ, ಓದ್ಲಿಲ್ಲಾಂದ್ರೆ ಆಸೆ ಬಿಡು ಅಂದಾನೆ."

"ನಿನ್ನ ಹೆಂಡತಿ ಸುಳ್ಳು ಯಾಕೆ ಹೇಳಿದಳೋ?"

"ಸುಳ್ಳಲ್ಲ ಮೇಷ್ಟ್ರೇ. ನಾನು ಇನ್ನೂ ಸುರು ಮಾಡಿರ್ಲಿಲ್ಲ, ಅಷ್ಟೇ."

ಅಂದಿನಿಂದ ಅವನು ಹಿಡಿದ ಪಟ್ಟು ಏನು ಹೇಳಲಿ! ಮಣೆಯ ಎಡಬಲಕ್ಕೆ ಕೂತವರು ಕತ್ತು ವಾಲಿಸಿ, ಮೈ ತಿರುಗಿಸಿ, ನನ್ನ ಕಡೆಗೆ ಸರಿದು ವಾರ್ಡರನ ಕೈಲಿ ಬೈಸಿಕೊಂಡು ಓದುತ್ತಿದ್ದರು. ಬೀರಪ್ಪ ಮಾತ್ರ ಹೇಳಿದ ಜಾಗದಿಂದ ಒಂದು ಕೂದಲೆಳೆ ಅಲುಗುತ್ತಿರಲಿಲ್ಲ. ಅವನು ಮರಳಿನ ಮೇಲೆ ತಿದ್ದಿದ ಅಕ್ಷರ ನನಗೆ ಕೂತಲ್ಲಿಂದಲೇ ಮುದ್ರಿಸಿದ ಹಾಗೆ ನೆಟ್ಟಗೆ ಕಾಣುತ್ತಿತ್ತು. ಮಿಕ್ಕವರದು ಓರೆ, ಸೊಟ್ಟ, ಕೆಲವರದು ಮಲಗಿಕೊಂಡಂತೆ. "ನೋಡ್ರೋ, ಬೀರಪ್ಪನ್ನ ನೋಡಿ ಕಲೀರಿ!" ಎಂದು ನಾನು ದಿನಾ ಕೂಗುತ್ತಿದ್ದೆ. ಅವನ ಕಿವಿ ಕೆಂಪಾಗುತ್ತಿತ್ತು.

ವರ್ಷದ ಕೊನೆಗೆ ಶಾಲಾ ಇನ್ಸ್‌ಪೆಕ್ಟರು ಪರೀಕ್ಷೆಗೆ ಬಂದರು. ಅವರಿಗೂ ನನ್ನ ಜಾಗವನ್ನೇ ಕೊಟ್ಟೆವು, ಗೋಡೆಗೆ ಬೆನ್ನು ಹಾಕಿ. ಅವರು ಪುಸ್ತಕದಲ್ಲಿ ಎಲ್ಲೋ ಒಂದು ಕಡೆ ಬೆರಳಿಟ್ಟು "ನೀನು ಓದಪ್ಪ" ಎಂದು ಎದುರಿಗಿದ್ದವನನ್ನು ಕೇಳಿದರು. ಬೀರಪ್ಪ ನೀರು ಕುಡಿದ ಹಾಗೆ ಓದಿದ. ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು "ಭೇಷ್!" ಎಂದರು. ನನಗೆ ಜಂಬ ಬಂತು. ಜೈಲರ್ ಸಾಹೇಬರು ಅವತ್ತೊಂದು ದಿನ ಗೇಟಿನಲ್ಲಿ ಮಾತಾಡಲಿಲ್ಲ. ಬೀರಪ್ಪನ ಬಿಡುಗಡೆಯ ದಿನ ಸೂಪರಿಂಟೆಂಡೆಂಟ್ ಸಾಹೇಬರು ತಮ್ಮ ಕೈಯಿಂದ ದುಡ್ಡು ಹಾಕಿ ಕೊಂಡು ತಂದ ಒಂದು ಹೊಸ ಒಂದನೇ ಪುಸ್ತಕವನ್ನು ಅವನಿಗೆ ಕೊಟ್ಟರು. ಅವನು ಅದನ್ನು ಕಣ್ಣಿಗೊತ್ತಿಕೊಂಡು ಕಂಬಳಿಯ ಮಡಿಕೆಯಲ್ಲಿ ಸಿಕ್ಕಿಸಿ, ತಿರುಗಿ ತಿರುಗಿ ಕೈಮುಗಿಯುತ್ತಾ ಹೋದ.

ಮುಂದಿನ ಬೇಸಿಗೆಯಲ್ಲಿ ಸಾಹೇಬರು ನನ್ನನ್ನು ಕರೆಸಿದರು. "ಮೇಷ್ಟ್ರೇ, ಗಿಡ ನೆಟ್ಟವನು ಚಿಗುರಿದೆಯಾ ಅಂತ ನೋಡಬೇಡವೇ? ಬಿಡುಗಡೆ ಆದವರ ಊರಿಗೆ ಹೋಗಿ, ನೀವು ಕಲಿಸಿದ ಓದು ಅವರ ಹತ್ತಿರ ಇನ್ನೂ ಇದೆಯಾ ನೋಡಿಕೊಂಡು ಬನ್ನಿ" ಎಂದರು. ಬೇಸಿಗೆ ರಜೆ ಹೋಯಿತಲ್ಲಾ ಎಂದು ಗೊಣಗಿಕೊಂಡು, ಒಂದು ಚೀಲಕ್ಕೆ ಎರಡು ಪಂಚೆ, ನಶ್ಯದ ಡಬ್ಬಿ ಹಾಕಿಕೊಂಡು ಹೊರಟೆ.

ಮೊದಲು ಚನ್ನಗಿರಿ. ಯುದ್ಧದಿಂದ ಪೆಟ್ರೋಲು ಸಿಗದೆ ಇದ್ದಿಲು ಗ್ಯಾಸಿನಲ್ಲಿ ಓಡುತ್ತಿದ್ದ ಬಸ್ಸು. ಏರು ಬಂದಲ್ಲೆಲ್ಲ ನಾವೇ ಇಳಿದು ತಳ್ಳಬೇಕು. ಮೈಯೆಲ್ಲ ಮಸಿ ಮಾಡಿಕೊಂಡು ಇಳಿದರೆ ಎದುರಿನ ಹೋಟೆಲಿನಿಂದ ಗುರುತಿನ ದನಿ ಕೇಳಿತು. ಉಬ್ರಾಣಿಯ ತಿಮ್ಮಣ್ಣ, ಕೋಳಿ ಕೇಸಿನವನು, ಜೈಲಿನಲ್ಲಿ ನನ್ನ ಪಕ್ಕಕ್ಕೇ ಕೂರುತ್ತಿದ್ದವನು, ಪೇಪರು ಹಿಡಿದು ಗಟ್ಟಿಯಾಗಿ ಯುದ್ಧದ ಸುದ್ದಿ ಓದುತ್ತಿದ್ದಾನೆ! ಸುತ್ತ ಗಾಡಿಯವರು, ರೈತರು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದಾರೆ. ನನ್ನನ್ನು ಕಂಡವನೇ ಎದ್ದು ಬಂದು ಕಾಲಿಗೆ ಬಿದ್ದ. "ನಮ್ ಮೇಷ್ಟ್ರು ಕಣ್ರಪ್ಪ, ನನಗೆ ಓದು ಕಲ್ಸಿದೋರು!" ಎಂದು ಇಡೀ ಹೋಟೆಲಿಗೆ ಸಾರಿದ. ಎಲ್ಲಿ ಕಲಿಸಿದರು ಎಂಬುದನ್ನು ಅವನೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಹೋಟೆಲಿನ ಯಜಮಾನರು ನನ್ನ ಕಿವಿಯ ಹತ್ತಿರ ಬಂದು, "ಗೊತ್ತೈತೆ ಬಿಡ್ರಿ ನಮಗೆ. ಮೊದ್ಲು ಇವನು ಬಂದ್ರೆ ಲೋಟ ಎಣಿಸ್ತಿದ್ವಿ. ಈಗ ಇವನು ಬರ್ಲಿಲ್ಲಾಂದ್ರೆ ಗಿರಾಕೀನೇ ಬರಲ್ಲ" ಎಂದರು. ತಿಮ್ಮಣ್ಣನಿಗೆ ಅಲ್ಲಿ ಕಾಫಿ, ತಿಂಡಿ ಪುಕ್ಕಟೆ. ಆದರೆ ನಾನು ಆ ಪೇಪರನ್ನು ಆಮೇಲೆ ನೋಡಿದೆ. ಅವನು ಓದಿದ ಟ್ಯಾಂಕುಗಳ ಕಾಳಗದಲ್ಲಿ ಅರ್ಧ ಅದರಲ್ಲಿ ಇರಲೇ ಇಲ್ಲ. "ಏನೋ ಇದು?" ಎಂದರೆ, "ಸಪ್ಪಗೆ ಬರೆದಿದ್ರು ಮೇಷ್ಟ್ರೇ, ಸ್ವಲ್ಪ ಒಗ್ಗರಣೆ ಹಾಕ್ದೆ" ಎಂದ. ನಕ್ಕುಬಿಟ್ಟೆ. ಕೋಳಿ ಕದಿಯುವುದಕ್ಕಿಂತ ಇದು ವಾಸಿ.

ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ಸಾಸ್ವೆಹಳ್ಳಿ. ಅಲ್ಲಿನ ರುದ್ರಪ್ಪ ಗದ್ದೆಯ ಬದುವಿಗಾಗಿ ಅಣ್ಣನ ತಲೆ ಒಡೆದಿದ್ದವನು. ಈಗ ಅದೇ ಅಣ್ಣನ ಜೊತೆ ಏತ ಹೊಡೆಯುತ್ತಿದ್ದ. "ಓದು ನೋಡೋಣ" ಎಂದು ಒಂದು ಕಾಗದ ಕೊಟ್ಟೆ. ಹಲ್ಲು ಕಿರಿದ. "ಎಲ್ಲಾ ಮರ್ತೋತು ಮೇಷ್ಟ್ರೇ. ಅಆಇಈ ಸೈತ ನೆನಪಿಲ್ಲ."

ನನ್ನ ಮುಖ ಇಳಿದಿದ್ದು ಕಂಡು ಅವನೇ ಸಮಾಧಾನ ಮಾಡಿದ. "ಆದ್ರೆ ಒಂದ್ ಮಾತು. ಮೊದ್ಲು ನನಗೆ ಒಂದ್ ಕಡೆ ಕುಂದ್ರಾಕೆ ಆಗ್ತಿರ್ಲಿಲ್ಲ. ಯಾರರ ಒಂದು ಅಂದ್ರೆ ಕೈ ಎತ್ತೋದೇ. ನಿಮ್ಮ ಶಾಲ್ಯಾಗೆ ಬೈಸಿಕೊಂಡು ಬೈಸಿಕೊಂಡು ಸುಮ್ನೆ ಕುಂತು ಕೇಳೋದು ಕಲ್ತೆ. ಈಗ ನಮ್ಮಣ್ಣ ಬೈದ್ರೆ ನೀವೇ ಬೈದಂಗೆ ಆಗ್ತೈತೆ. ಸುಮ್ನಿರ್ತೀನಿ." ಅವನ ಅಣ್ಣ ಪಕ್ಕದಿಂದ "ಹೌದ್ರಿ, ದಿನಾ ಬೈದು ನೋಡ್ತೀನಿ, ಏನೂ ಅನ್ನಲ್ಲ" ಎಂದು ಖುಷಿಯಿಂದ ಒಪ್ಪಿಕೊಂಡ. ಅಕ್ಷರ ಹೋದರೂ ಪಾಠ ಉಳಿದಿದೆಯಲ್ಲ ಎಂದು ಅವರ ಮನೆಯ ರೊಟ್ಟಿ ತಿಂದು ಎದ್ದೆ.

ನ್ಯಾಮತಿಯಲ್ಲಿ, ಸಂತೆಯ ಕೈಚಳಕಕ್ಕೆ ಒಳಗೆ ಬಂದಿದ್ದ ಕೆಂಚಪ್ಪ ಮೆಣಸಿನಕಾಯಿ ಮಂಡಿಯಲ್ಲಿ ಚೀಲಗಳ ಮೇಲೆ ಕುಂಚದಿಂದ ಹೆಸರು ಬರೆಯುವ ಕೆಲಸದಲ್ಲಿದ್ದ. ಅಕ್ಷರ ಗುಂಡಗೆ, ಅಂದವಾಗಿ ಇತ್ತು. ಆದರೆ ಅವನು ಬರೆಯುವ ರೀತಿ ವಿಚಿತ್ರ. ಚೀಲವನ್ನು ಅಡ್ಡಡ್ಡ ಕೆಡವಿಕೊಂಡು, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ಕೆಳಗಿಂದ ಮೇಲಕ್ಕೆ ಬರೆದುಕೊಂಡು ಹೋಗುತ್ತಿದ್ದ. ಚೀಲ ನಿಲ್ಲಿಸಿದರೆ ಹೆಸರು ಸರಿಯಾಗಿ ಕೂರುತ್ತಿತ್ತು. "ಇದೇನೋ ಹೀಗೆ ಅಡ್ಡ ಬರೀತೀಯ?" ಎಂದೆ. "ನನಗೆ ಹಿಂಗೇ ಬರೋದು ಮೇಷ್ಟ್ರೇ" ಎಂದ. ಒಬ್ಬೊಬ್ಬರದು ಒಂದೊಂದು ಖಯಾಲಿ ಎಂದುಕೊಂಡು ನಾನು ಮುಂದೆ ಯೋಚಿಸಲಿಲ್ಲ.

ಕೊನೆಗೆ ಜಗಳೂರಿಗೆ ಬಂದು, ಎತ್ತಿನ ಗಾಡಿ ಹಿಡಿದು ಬಿಳಿಚೋಡು ಸೇರಿದೆ. ದಾರಿಯುದ್ದಕ್ಕೂ ಬೀರಪ್ಪನದೇ ಯೋಚನೆ. ನನ್ನ ಶಾಲೆಯ ಚಿನ್ನ ಅವನು. ಇಷ್ಟು ಹೊತ್ತಿಗೆ ಹೆಂಡತಿ ಮನೆಗೆ ಬಂದಿರುತ್ತಾಳೆ, ನನಗೆ ಹೋಳಿಗೆ ಊಟ ಖಂಡಿತ ಎಂದು ಲೆಕ್ಕ ಹಾಕಿಕೊಂಡಿದ್ದೆ. ಗಾಡಿಯವನು "ಓ, ಓದೋ ಬೀರಪ್ಪನಾ?" ಎಂದು ನಕ್ಕ. ಆ ನಗುವಿನಲ್ಲಿ ಏನೋ ಕುಹಕ ಇತ್ತು.

ಊರಾಚೆ ಜಾಲಿಮರದ ಕೆಳಗೆ ಬೀರಪ್ಪ ಕಂಬಳಿ ಹೊದ್ದು ಕೂತಿದ್ದ. ಕುರಿಗಳು ಸುತ್ತ ಮೇಯುತ್ತಿದ್ದವು. ನನ್ನನ್ನು ಕಂಡು ಎದ್ದು ನಿಂತ, ಆದರೆ ಮುಖ ಮೇಲೆತ್ತಲಿಲ್ಲ.

"ಬಂದ್ರಾ ಮೇಷ್ಟ್ರೇ. ನೀವು ಹಿಂಗೆ ಮಾಡಬಾರ್ದಿತ್ತು."

"ನಾನೇನೋ ಮಾಡಿದೆ?"

"ನಮಗೆ ಜೈಲಿನ ಅಕ್ಷರ ಕಲಿಸಿ ಕಳಿಸಿದ್ರಿ. ಊರಿನ ಅಕ್ಷರ ಬ್ಯಾರೆ ಐತೆ."

ನನಗೆ ತಲೆಬುಡ ತಿಳಿಯಲಿಲ್ಲ. ಕೂರಿಸಿ ಕೇಳಿದೆ. ಊರಿಗೆ ಬಂದ ವಾರದಲ್ಲೇ ಚಾವಡಿಯಲ್ಲಿ ಜನ ಸೇರಿದ್ದರು. ಮಾವ ಸಿದ್ದಪ್ಪ ಮೀಸೆ ತಿರುವಿಕೊಂಡು ಕೂತಿದ್ದ. ಹನುಮಕ್ಕ ಹೆಂಗಸರ ನಡುವೆ ನಿಂತಿದ್ದಳು. ಶಾನುಭೋಗರು ಒಂದು ಸರ್ಕಾರಿ ಕಾಗದ ಕೊಟ್ಟು ಓದು ಎಂದರು. ಬೀರಪ್ಪ ಅದನ್ನು ಕೈಗೆ ತೆಗೆದುಕೊಂಡು ಒಂದು ಸುತ್ತು ತಿರುಗಿಸಿ ಹಿಡಿದ. ಅಷ್ಟೇ. ಬಾಯಿ ತೆರೆಯುವ ಮೊದಲೇ ಇಡೀ ಚಾವಡಿ ಗೊಳ್ಳೆಂದಿತು. ಶಾನುಭೋಗರು ಕಾಗದ ಕಿತ್ತುಕೊಂಡು ನೆಟ್ಟಗೆ ಮಾಡಿ, "ಊರಲ್ಲಿ ಹೀಗೇ ಹಿಡಿದು ಓದೋದು" ಎಂದು ಮತ್ತೆ ಕೈಗಿಟ್ಟರು. ಅವನಿಗೆ ಒಂದು ಅಕ್ಷರವೂ ಗುರುತು ಸಿಗಲಿಲ್ಲ.

"ಎಲ್ಲಾ ಹುಳ ಹರದಾಡಿದಂಗೆ ಕಾಣ್ತಿತ್ತು ಮೇಷ್ಟ್ರೇ. ನಾನು ಕಲ್ತದ್ದು ಒಂದೂ ಇರ್ಲಿಲ್ಲ ಅದ್ರಾಗೆ. ಮಾವ ಅಂದ, ಹೊಡೆದಾಟ ಒಂದೇ ಇತ್ತು, ಈಗ ಸುಳ್ಳೂ ಸೇರ್ತು ಅಂತ. ಅವಳು ತಲಿ ಬಗ್ಗಿಸ್ಕೊಂಡು ಹೋದ್ಲು. ಬಾವಿಕಟ್ಟೀಗೆ ಹೋದ್ರೆ ಹೆಂಗಸ್ರು, ನಿನ್ ಗಂಡ ಏನ್ ಓದಿದ್ನೇ ಅಂತ ಆಡ್ಕೊಂತಾರಂತೆ." ದೊಡ್ಡ ಆಳು, ಕಂಬಳಿಯ ಚುಂಗಿನಿಂದ ಮೂಗು ಒರೆಸಿಕೊಂಡ. "ಜೈಲಿನೋರು ಊರಿನ ಕಾಗದ ಓದಬಾರ್ದು ಅಂತ ಸರ್ಕಾರದೋರು ಬ್ಯಾರೆ ಅಕ್ಷರ ಮಾಡ್ಯಾರೇನ್ರಿ? ನನಗೆ ನಿಜ ಹೇಳ್ರಿ."

ನನ್ನ ಕೋಪ ನೆತ್ತಿಗೇರಿತು. "ಎಂಥಾ ಬೇರೆ ಅಕ್ಷರ ನಿನ್ನ ತಲೆ! ತಗೋ, ಓದು" ಎಂದು ಚೀಲದಿಂದ ಹಳೆಯ ಪೇಪರಿನ ಹಾಳೆಯೊಂದನ್ನು ತೆಗೆದು ಮುಖಕ್ಕೆ ಹಿಡಿದೆ. ಅವನು ಅದನ್ನು ತೆಗೆದುಕೊಂಡು, ಬಹಳ ಸಹಜವಾಗಿ ತಲೆಕೆಳಗು ಮಾಡಿ ಹಿಡಿದು, ಪಟಪಟ ಓದಿಬಿಟ್ಟ! ಒಂದು ಒತ್ತಕ್ಷರ ತಪ್ಪಲಿಲ್ಲ. ನನ್ನ ಕೈಲಿದ್ದ ನಶ್ಯ ಕೈಯಲ್ಲೇ ಉಳಿಯಿತು. ಹಾಳೆಯನ್ನು ನೆಟ್ಟಗೆ ಹಿಡಿಸಿದೆ. ಕುರಿ ಮುಖ ಮಾಡಿದ. ತಲೆಕೆಳಗು ಮಾಡಿದೆ. ಓದಿದ.

"ಲೋ ಬೀರಪ್ಪ, ಶಾಲೇಲಿ ನೀನು ಎಲ್ಲಿ ಕೂರ್ತಿದ್ದೆ?"

"ನಿಮ್ಮ ಎದುರಿಗೆ. ಗೊತ್ತಿಲ್ಲೇನ್ರಿ? ಒಂದಿನಾನೂ ಜಾಗ ಬಿಟ್ಟೋನಲ್ಲ."

ಅಯ್ಯೋ ದೇವರೇ! ಬೆಳಕಿಂಡಿ, ಮಣೆ, ನನಗೆ ನೆಟ್ಟಗಿದ್ದ ಪುಸ್ತಕ, ಎಲ್ಲ ಒಂದೇ ಸಲ ಕಣ್ಣ ಮುಂದೆ ಬಂತು. ವರ್ಷವಿಡೀ ಅವನು ಅಕ್ಷರಗಳನ್ನು ನೋಡಿದ್ದೇ ತಲೆಕೆಳಗಾಗಿ. ಅವನು ಮರಳಿನ ಮೇಲೆ ಬರೆದದ್ದು ಎದುರಿಗೆ ಕೂತ ನನಗೆ ಮುದ್ರಿಸಿದಂತೆ ಕಾಣುತ್ತಿದ್ದುದೂ ಅದಕ್ಕೇ. ನ್ಯಾಮತಿಯ ಕೆಂಚಪ್ಪ ಮಣೆಯ ಎಡಬದಿಯ ಜಾಗದವನು, ಅಡ್ಡ ಕಲಿತ, ಅಡ್ಡ ಬರೆಯುತ್ತಾನೆ. ನನಗೆ ನಗು ಉಕ್ಕಿತು. ಜಾಲಿಮರ ಹಿಡಿದುಕೊಂಡು ನಕ್ಕೆ, ಹೊಟ್ಟೆ ಹಿಡಿದುಕೊಂಡು ನಕ್ಕೆ, ನಶ್ಯವೆಲ್ಲ ಗಾಳಿಗೆ ಹಾರಿ ಇಬ್ಬರಿಗೂ ಸೀನು ಹತ್ತಿಕೊಂಡಿತು. ವಿಷಯ ಬಿಡಿಸಿ ಹೇಳಿದಾಗ ಅವನು ಮೊದಲು ನಂಬಲಿಲ್ಲ. ಆಮೇಲೆ ಪುಸ್ತಕದ ಕುರಿ ಚಿತ್ರವೊಂದನ್ನು ನೆನೆಸಿಕೊಂಡು, "ಅದಕ್ಕೇನ್ರಿ ಆ ಕುರಿ ಕಾಲು ಮ್ಯಾಗ್ ಮಾಡಿತ್ತು? ಸತ್ತೈತೆ ಅಂದ್ಕೊಂಡಿದ್ದೆ!" ಎಂದು ಅವನೂ ನಗತೊಡಗಿದ.

"ನಡಿಯೋ ಚಾವಡಿಗೆ" ಎಂದೆ.

"ಬ್ಯಾಡ್ರಿ. ಮತ್ತೆ ನಗ್ತಾರೆ."

"ಈ ಸಲ ನಾವೂ ನಗೋಣ, ನಡಿ."

ಸಂಜೆ ದನ ಬರುವ ಹೊತ್ತಿಗೆ ಚಾವಡಿ ತುಂಬಿತು. ನಾನು ಎದ್ದು ನಿಂತು, ಜೈಲಿನ ಉಗ್ರಾಣ, ಬೆಳಕಿಂಡಿ, ಮಣೆ, ಎಲ್ಲ ಕೈಬಾಯಿ ಆಡಿಸಿ ವಿವರಿಸಿದೆ. ಸಿದ್ದಪ್ಪ ಕಣ್ಣು ಕಿರಿದು ಮಾಡಿ ಕೇಳಿದ. ನೋಡಲು ಒಣಗಿದ ಮೆಣಸಿನಕಾಯಿ, ಮಾತೂ ಹಾಗೆಯೇ.

"ಮೇಷ್ಟ್ರು ಚೆಂದಾಗಿ ಹೇಳ್ತೀರಿ. ಆದ್ರೆ ನೀವು ತಂದ ಕಾಗದ ನೀವೇ ಬಾಯಿಪಾಠ ಮಾಡ್ಸಿರಬೌದು. ನಾ ಹೇಳಿದ್ದನ್ನ ಶಾನುಭೋಗ್ರು ಬರೀಲಿ, ಅದನ್ನ ಇವನು ಓದ್ಲಿ."

"ಆಗಲಿ" ಎಂದೆ. ಆದರೂ ಅಳುಕು, ಕೈಬರಹ ಅಚ್ಚಿನ ಹಾಗಲ್ಲವಲ್ಲ. ಶಾನುಭೋಗರು ಸ್ಲೇಟು ತರಿಸಿ ನೆಲದ ಮೇಲಿಟ್ಟುಕೊಂಡರು. ಸಿದ್ದಪ್ಪ ಅವರ ಕಿವಿಯಲ್ಲಿ ಏನೋ ಉಸುರಿದ. ಶಾನುಭೋಗರು ಒಂದು ಗಳಿಗೆ ಅನುಮಾನಿಸಿ, ಮುಸಿಮುಸಿ ನಗುತ್ತಾ ಬಳಪದಿಂದ ಬರೆದರು. ನಾನು ನೋಡದ ಹಾಗೆ ನನ್ನನ್ನು ಕಂಬದ ಆಚೆ ನಿಲ್ಲಿಸಿದ್ದರು. ಬೀರಪ್ಪ ಬಂದು ಶಾನುಭೋಗರ ಎದುರಿಗೆ, ಸ್ಲೇಟಿನ ಆಚೆ ಬದಿಗೆ, ನನ್ನ ಶಾಲೆಯಲ್ಲಿ ಕೂರುತ್ತಿದ್ದ ಹಾಗೆಯೇ ಚಕ್ಕಳಮಕ್ಕಳ ಹಾಕಿ ಕೂತ. ಹೆಂಗಸರ ಗುಂಪಿನ ತುದಿಯಲ್ಲಿ ಹನುಮಕ್ಕ ಸೆರಗಿನ ಚುಂಗನ್ನು ಹಲ್ಲಿನಲ್ಲಿ ಕಚ್ಚಿ ನಿಂತಿದ್ದಳು.

ಬೀರಪ್ಪ ಬೆರಳಿಟ್ಟು ಓದಿದ. "ಬೀ... ರಪ್ಪನಿಗಿಂತ... ಅವನ... ಟಗರು... ಜಾಣ." ಓದಿ ಮುಗಿಸಿ ಗೆದ್ದವನ ಹಾಗೆ ಸುತ್ತ ನೋಡಿದ. ಮರುಗಳಿಗೆ ಅರ್ಥ ಹೊಳೆದು "ಏ, ಯಾರ್ರಿ ಇದನ್ನ ಬರ್ಸಿದ್ದು?" ಎಂದ. ಚಾವಡಿ ಹಾರಿಹೋಗುವ ಹಾಗೆ ನಗು!

ಸಿದ್ದಪ್ಪ ನಗಲಿಲ್ಲ. "ಇನ್ನೊಂದು" ಎಂದು ಮತ್ತೆ ಶಾನುಭೋಗರ ಕಿವಿಗೆ ಬಗ್ಗಿದ. ಬೀರಪ್ಪ ಈ ಸಲ ಬೇಗ ಓದಿದ. "ಸಿದ್ದಪ್ಪನ ಮಗಳು ಬಲು ಹಟಮಾರಿ." ತಲೆಯೆತ್ತಿ, "ಮಾವ, ಇದನ್ನ ಓದಬೇಕಾಗಿರ್ಲಿಲ್ಲ, ನನಗೆ ಮೊದ್ಲೇ ಗೊತ್ತಿತ್ತು" ಎಂದ. ಈಗ ಸಿದ್ದಪ್ಪನ ಮೀಸೆಯೂ ಅದುರಿತು. ಆದರೂ ಸುಲಭಕ್ಕೆ ಸೋಲುವ ಜಾತಿಯಲ್ಲ ಅದು. "ತಲಿಕೆಳಗೆ ಓದಿದ್ರೆ ಅದೂ ಒಂದು ಓದೇನ್ರಿ ಶಾನುಭೋಗ್ರೇ?" ಎಂದು ಕೇಳಿದ.

ಶಾನುಭೋಗರು ಅಂದು ದೊಡ್ಡ ಮಾತು ಹೇಳಿದರು. "ಸಿದ್ದಪ್ಪ, ನಾನು ಈ ಕಡೆಯಿಂದ ನೋಡಿದೆ, ಅವನು ಆ ಕಡೆಯಿಂದ ನೋಡಿದ. ಇಬ್ಬರಿಗೂ ಸಿಕ್ಕಿದ್ದು ಒಂದೇ ಮಾತು. ಓದು ಅಂದರೆ ಅದೇ. ಆವತ್ತು ಕಾಗದ ಕಿತ್ತುಕೊಂಡು ನಾನೇ ಕೆಡಿಸಿದೆ ಕಣಪ್ಪ."

ಅಷ್ಟರಲ್ಲಿ ಹನುಮಕ್ಕನ ದನಿ ಕೇಳಿತು. ಊರ ಗಂಡಸರ ಮುಂದೆ ಹೆಣ್ಣುಮಗಳು ಹಾಗೆ ಮಾತಾಡುವ ರೂಢಿ ಇರಲಿಲ್ಲ, ಆದರೆ ಅವಳಿಗೆ ಅದು ನೆನಪಿದ್ದಂತೆ ಕಾಣಲಿಲ್ಲ. "ಅಪ್ಪಯ್ಯ, ಬರ್ಸಿದೋನು ನೀನು, ಓದಿದೋರು ಅವ್ರು. ಹಟಮಾರಿ ಅಂತ ನೀನೇ ಬರ್ಸೀಯಲ್ಲ, ನಾ ಹೊಂಟೆ" ಎಂದವಳೇ ಮನೆಗೆ ಹೋಗಿ ಸೀರೆಯ ಗಂಟು ತಂದುಬಿಟ್ಟಳು. ಸಿದ್ದಪ್ಪ ಒಮ್ಮೆ ಮಗಳನ್ನು ನೋಡಿದ, ಒಮ್ಮೆ ಅಳಿಯನನ್ನು ನೋಡಿದ. "ಗಂಟು ಇಳ್ಸು. ಬರೀ ಕೈಲಿ ಕಳ್ಸಾಕೆ ನಾನೇನು ದಿಕ್ಕಿಲ್ದೋನಾ? ನಾಳೆ ಮಡ್ಲು ತುಂಬಿ ಕಳಿಸ್ತೀನಿ" ಎಂದ. ಬೀರಪ್ಪ ಎದ್ದವನೇ ನನ್ನನ್ನು ಅನಾಮತ್ತು ಎತ್ತಿಕೊಂಡು ಕುಣಿದ. "ಇಳಿಸೋ ನನ್ನ!" ಎಂದು ನಾನು ಎಷ್ಟು ಬೈದರೂ ಕೇಳಲಿಲ್ಲ. ಮರುದಿನ ಹೋಳಿಗೆಯ ಮೇಲೆ ಹನುಮಕ್ಕ ಸುರಿದ ತುಪ್ಪ ಎಲೆ ದಾಟಿ ಹರಿಯಿತು.

ಜೈಲಿಗೆ ವಾಪಸು ಬಂದು ಸಾಹೇಬರಿಗೆ ವರದಿ ಒಪ್ಪಿಸಿದೆ. ಅವರು ಮೇಜು ಗುದ್ದಿ ಗುದ್ದಿ ನಕ್ಕರು. ಅಂದೇ ಹುಕುಂ ಆಯಿತು, ಇನ್ನು ಮುಂದೆ ಶಾಲೆಯಲ್ಲಿ ದಿನಾ ಜಾಗ ಬದಲಾಯಿಸಬೇಕು, ಮೇಷ್ಟ್ರು ಎದ್ದು ಓಡಾಡಬೇಕು. ಜೈಲರ್ ಸಾಹೇಬರು ಎಣಿಕೆ ತಪ್ಪುತ್ತದೆ ಎಂದು ಗೊಣಗಿದರು, ಆದರೆ ಮೊದಲ ದಿನ ತಾವೇ ಬಂದು ಕೈದಿಗಳನ್ನು ಒಂದೊಂದು ಜಾಗ ಸರಿಸಿ ಕೂರಿಸಿದರು. ಹೊಸ ಮೇಷ್ಟ್ರುಗಳೇ, ನಿಮಗೆ ನಾನು ಹೇಳುವ ವಿಧಾನ ಇದೊಂದೇ. ಹುಡುಗನಾಗಲಿ ಕೈದಿಯಾಗಲಿ, ಅವನು ಕೂತ ಜಾಗದಲ್ಲಿ ಒಮ್ಮೆ ನೀವು ಕೂತು ಪುಸ್ತಕ ನೋಡಿ. ಆಮೇಲೆ ಬೇಕಾದರೆ ಬೈಯಿರಿ.

ಕೆಲವು ವರ್ಷಗಳ ಮೇಲೆ ಇನ್ನೊಮ್ಮೆ ಬಿಳಿಚೋಡಿಗೆ ಹೋದೆ. ಆಗ ಯುದ್ಧ ಮುಗಿದಿತ್ತು. ಬೀರಪ್ಪನ ಪಡಸಾಲೆಯಲ್ಲಿ ನಡುವೆ ಒಂದು ಮಣೆ, ಮಣೆಯ ಮೇಲೆ ಪುಸ್ತಕ. ಈ ಕಡೆ ಹನುಮಕ್ಕ, ಮಡಿಲಲ್ಲಿ ಮಗು. ಆ ಕಡೆ ಬೀರಪ್ಪ. ಪುಸ್ತಕ ಅವಳ ಕಡೆಗೆ ನೆಟ್ಟಗಿತ್ತು. ಅವನು ಎದುರಿನಿಂದ ಬೆರಳು ತೋರಿಸಿ ಅವಳಿಗೆ ಓದು ಕಲಿಸಿದ್ದ. ಈಗ ಇಬ್ಬರೂ ಒಂದೇ ಪುಟವನ್ನು ಒಟ್ಟೊಟ್ಟಿಗೆ ಓದುತ್ತಿದ್ದರು, ಯಾರೂ ಪುಸ್ತಕ ತಿರುಗಿಸಬೇಕಾಗಿರಲಿಲ್ಲ.

ನನ್ನೊಳಗಿನ ಮೇಷ್ಟ್ರು ಸುಮ್ಮನಿರಬೇಕಲ್ಲ. "ಬೀರಪ್ಪ, ಈಗಲಾದರೂ ನೆಟ್ಟಗೆ ಓದೋದು ಕಲಿಯೋ. ಹದಿನೈದು ದಿನದ ಕೆಲಸ. ನಾನೇ ಇದ್ದು ಕಲಿಸಿಕೊಡ್ತೀನಿ" ಎಂದೆ.

"ಬ್ಯಾಡ್ರಿ ಮೇಷ್ಟ್ರೇ" ಎಂದ. "ನೆಟ್ಟಗೆ ಕಲ್ತ್ರೆ ಇಬ್ರೂ ಒಂದೇ ಕಡೆ ಕುಂದ್ರಬೇಕಾಗ್ತೈತೆ. ಹಿಂಗಾದ್ರೆ ಓದ್ತಾ ಓದ್ತಾ ಇವಳ ಮುಖ ಕಾಣ್ತೈತೆ."

ಹನುಮಕ್ಕ ಪುಟದಿಂದ ಕಣ್ಣೆತ್ತಲಿಲ್ಲ. "ಮುಖ ಎಲ್ಲಿಗೂ ಓಡಿಹೋಗಲ್ಲ, ಸಾಲು ತಪ್ತೈತೆ. ಓದ್ರಿ ಸುಮ್ನೆ" ಎಂದಳು.